ದಾನವ್ವ ತೆರೆದ ತವರು

ಗೋವಾದ ಕೊರ್ತಾಲಿಮ್‌ನ ಆ ಓಣಿಯಲ್ಲಿರುವ ಅಷ್ಟೂ ಮಕ್ಕಳು ದಾನವ್ವನವರೇ. ಹೆತ್ತದ್ದು ಒಬ್ಬನನ್ನೇ, ಯಶವಂತ, ಅವನಿಗಿನ್ನೂ ಮದುವೆಯಾಗಿಲ್ಲ. ಆದರೆ ಯಾರದೇ ಮಗು ಕಂಡವರ ಪೇರಲ ಗಿಡ ಹತ್ತಿ ಸಿಕ್ಕಿಬೀಳಲಿ, ಯಾರದೇ ಚೆಂಡು ಯಾರದೇ ಕಿಟಕಿಯ ಗಾಜು ಒಡೆಯಲಿ, ದಾನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಾಳೆ. ಕನ್ನಡದವರ ಮುಂದೆ "ನಮ್ಮ ಹುಡುಗರೀ, ಬಿಟ್ಟಬಿಡ್ರಿ" ಎನ್ನುತ್ತಾಳೆ. ಗೋವಾದವರ ಮುಂದೆ ತನ್ನ ಹರಕುಮುರುಕು ಕೊಂಕಣಿಯಲ್ಲಿ "ಆಮ್ಚೊ ಭುರ್ಗೊ" ಎನ್ನುತ್ತಾಳೆ. ಅರ್ಥ ಎರಡಕ್ಕೂ ಒಂದೇ.

ಉತ್ತರ ಕರ್ನಾಟಕದವರ ಬಾಯಿಗೆ ಈ 'ನಮ್ಮ' ಎಂಬ ಮಾತು ಎಲೆ ಅಡಿಕೆ ಇದ್ದ ಹಾಗೆ, ಸದಾ ಇರಬೇಕು. ಕೈ ಮಾಡಿದರೂ ನಿಲ್ಲದೆ ಹೋಗುವ ಬಸ್ಸು ನಮ್ಮ ಬಸ್ಸು. ಎಂದೋ ಒಮ್ಮೆ ನಾಡಿ ಹಿಡಿದವನು ನಮ್ಮ ಡಾಕ್ಟರು. ರಜೆ ಕೇಳಿದರೆ ಗೇಟು ತೋರಿಸುವುದು ನಮ್ಮ ಕಂಪನಿ. ಯಾವುದೂ ನಮ್ಮದಲ್ಲ, ಆದರೂ ಅನ್ನುವುದು ಬಿಡುವುದಿಲ್ಲ. ದಾನವ್ವನಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ.

ಅವಳು ಮುದ್ದೇಬಿಹಾಳದ ಕಡೆಯವಳು. ಮದುವೆಯಾದ ವರ್ಷವೇ ಗಂಡ ತಿಪ್ಪಣ್ಣನ ಬೆನ್ನ ಹಿಂದೆ ವಾಸ್ಕೋಗೆ ಬಂದಳು. ಅವನು ಬಂದರಿನಲ್ಲಿ ಹಮಾಲಿ ಮಾಡಿದ, ಇವಳು ಊರವರ ಬಂಗಲೆಗಳಿಗೆ ಕಲ್ಲು ಮಣ್ಣು ಹೊತ್ತಳು. ತಾಡಪಾಲಿನ ಜೋಪಡಿಯಲ್ಲಿ ಗೋವಾದ ಮಳೆ ಕಂಡವರಿಗಷ್ಟೇ ಗೊತ್ತು ಅದು ಎಂಥ ಮಳೆ ಎಂದು. ತಾಯಿ ತೀರಿಕೊಂಡ ಮೇಲೆ ತಮ್ಮಂದಿರು ಪಂಚಮಿಗೆ ಕರೆಯುವುದನ್ನು ಬಿಟ್ಟರು. ನಾಗರಪಂಚಮಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಉಂಡಿ ತಿನ್ನುತ್ತಾರೆ, ಜೋಕಾಲಿ ಜೀಕುತ್ತಾರೆ. ಕರೆಯದ ತವರಿಗೆ ಹೋಗುವ ಹೆಣ್ಣಲ್ಲ ದಾನವ್ವ. ಆ ದಿನ ಅವಳು ಮಣ್ಣು ಹೊರಲು ಹೋಗುತ್ತಿದ್ದಳು, ಬುಟ್ಟಿ ತಲೆಯ ಮೇಲಿದ್ದರೆ ಅಳುವುದು ಯಾರಿಗೂ ಕಾಣುವುದಿಲ್ಲವಲ್ಲ.

ಗಂಡ ಹೆಂಡತಿ ಕೂಡಿ ಕೊರ್ತಾಲಿಮ್‌ನಲ್ಲಿ ಚಿರೇಕಲ್ಲಿನ ಗೋಡೆಯ, ಹಂಚಿನ ಮನೆ ಕಟ್ಟಿಸಿದಾಗ ಅಂಗಳದಲ್ಲಿ ಒಂದು ಹಲಸಿನ ಮರವಿತ್ತು. ತಿಪ್ಪಣ್ಣ ಬಂದರಿನಿಂದ ಹಡಗಿನ ಹಗ್ಗವನ್ನೂ, ಒಡೆದ ದೋಣಿಯ ಒಂದು ಹಲಗೆಯನ್ನೂ ತಂದು ಪಂಚಮಿಗೆ ಜೋಕಾಲಿ ಕಟ್ಟಿದ. ತವರು ದೂರವಾದ ಹೆಂಗಸರೆಲ್ಲ ಬಂದರು. ತಿಪ್ಪಣ್ಣ ತೀರಿಹೋದ, ಜೋಕಾಲಿ ಉಳಿಯಿತು. ದಾನವ್ವ ಜೋಳದ ರೊಟ್ಟಿ ಬಡಿಯುವ ಉದ್ಯೋಗ ಹಿಡಿದಳು. ಯಶವಂತ ವೆರ್ಣಾದ ಒಂದು ಕಂಪನಿಯ ಬಸ್ಸು ಓಡಿಸುತ್ತಾನೆ. ಪಾಳಿಯ ಕೆಲಸಗಾರರಿಗೆ ರೊಟ್ಟಿಯ ಗಂಟು ಅವನ ಬಸ್ಸಿನಲ್ಲೇ ಹೋಗುತ್ತದೆ. ವಾಸ್ಕೋದ ನಾಲ್ಕಾರು ವ್ಯಾಪಾರಸ್ಥರ ಮನೆಗಳಿಗೆ ತಾನೇ ಒಯ್ಯುತ್ತಾಳೆ.

ಮನೆಯ ಹಿಂದಿನ ಖೋಲಿಯಲ್ಲಿ ಮರಿಯಮ ಬಾಡಿಗೆಗಿದ್ದಾಳೆ. ಗಂಡ ಅಲ್ಲಾವುದ್ದೀನ ಲಾರಿ ಹತ್ತಿ ಹೋದನೆಂದರೆ ಬರುವುದು ಯಾವಾಗಲೋ. ಮಗ ಹಾರೂನನಿಗೆ ಒಂಬತ್ತು ವರ್ಷ. ಅವನು ಉಣ್ಣುವುದು ದಾನವ್ವನ ಒಲೆಯ ಮುಂದೆ, ಹೊಡೆತ ತಪ್ಪಿಸಿಕೊಳ್ಳುವುದು ದಾನವ್ವನ ಬೆನ್ನ ಹಿಂದೆ. ಅವಳನ್ನು ಕರೆಯುವುದು ಆಯಿ ಎಂದು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. ಗೋವಾದಲ್ಲಿ ಹಾಗೆಂದರೆ ತಾಯಿ ಎಂದುಕೊಳ್ಳುತ್ತಾರೆ. ಅದರಿಂದ ಅಲ್ಲಿಯವರೆಗೆ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ.

ಈ ವರ್ಷದ ಪಂಚಮಿಗೆ ಮುಂಚೆ ದಾನವ್ವ ವಾಸ್ಕೋದ ಬಟ್ಟೆ ಅಂಗಡಿಯ ಸಚಿನ ಶೇಠರ ಮನೆಗೆ ರೊಟ್ಟಿ ಕೊಡಲು ಹೋಗಿದ್ದಳು. ಶೇಠರದು ಬೆಳಗಾವಿಯ ಮನೆತನ. ಹೆಂಡತಿ ಪ್ರತಿಮಾ ಧಾರವಾಡದವಳು, ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ರೊಟ್ಟಿ ಎಣಿಸಿಕೊಳ್ಳುತ್ತಿದ್ದವಳು ಪಂಚಮಿ ಎಂಬ ಮಾತು ಬಂದ ಕೂಡಲೇ ಮುಖ ಆಚೆ ತಿರುಗಿಸಿದಳು. ದಾನವ್ವನಿಗೆ ಆ ತಿರುಗಿಸಿದ ಮುಖ ಗೊತ್ತು. ಬುಟ್ಟಿ ಕೆಳಗಿಟ್ಟು ಹೇಳಿದಳು, "ಬಾಯಾರ, ಪಂಚಮಿಗೆ ನಮ್ಮ ಮನಿಗೆ ಬರ್ರಿ. ಇದ ನಿಮ್ಮ ತವರಮನಿ ಅಂತ ತಿಳ್ಕೋರಿ."

ಅಂಗಡಿಯ ಮಾಲಕರ ಹೆಂಡತಿ ರೊಟ್ಟಿ ಮಾರುವವಳ ಮನೆಗೆ ಬರುತ್ತಾಳೆಂದು ಯಾರೂ ನಂಬಿರಲಿಲ್ಲ. ಪ್ರತಿಮಾ ಬಂದಳು. ಆರು ವರ್ಷದ ಮಗಳು ಗೌರಿಯ ಕೈ ಹಿಡಿದುಕೊಂಡು, ಕಾಲುಂಗುರಕ್ಕೆ ಕೆಸರು ಮೆತ್ತಿಸಿಕೊಂಡು ಬಂದಳು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಮೊದಲು ನಾಚಿದಳು, ಹಲಗೆ ಭಾಳ ಭಾರ ಇದೆಯಲ್ಲ ಎಂದಳು. ಹಡಗಿನ ಹಗ್ಗ, ದೋಣಿಯ ಹಲಗೆ, ನಮ್ಮ ಯಜಮಾನರು ತಂದದ್ದು ಎಂದು ದಾನವ್ವ ಬೀಗಿದಳು. ಆಮೇಲೆ ಪ್ರತಿಮಾ ಹತ್ತಿ ನಿಂತು ಜೀಕಿದ್ದೇ ಜೀಕಿದ್ದು. ಇಳಿದಾಗ ಕೂದಲು ಬಿಚ್ಚಿತ್ತು, ಉಸಿರು ಮೇಲಕ್ಕೆ ಬಂದಿತ್ತು. ದಾನವ್ವನ ಹೆಗಲು ಹಿಡಿದುಕೊಂಡು, "ಅವ್ವಾ, ಸಾಕಾತು" ಎಂದು ನಕ್ಕಳು. ಬಾಯಿ ತಪ್ಪಿ ಬಂದ ಅವ್ವ ಅದು. ದಾನವ್ವನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಒಳಗೆ ಉಡಿ ತುಂಬುವ ತಟ್ಟೆ ಸಜ್ಜಾಗಿತ್ತು: ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ, ಮೇಲೆ ಶೇಂಗಾ ಉಂಡಿ. ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬಬೇಕು; ಗಂಡ ಸತ್ತವಳು ತುಂಬಬಾರದು ಎಂಬ ಮಾತು ತಾಯಿಗೆ ಅಲ್ಲ ಎಂದು ದಾನವ್ವನ ಲೆಕ್ಕ. ತುಂಬಿಸಿಕೊಂಡ ಮಗಳು ನಾಲ್ಕು ಕಾಳು ತಿರುಗಿ ತಟ್ಟೆಗೆ ಹಾಕಬೇಕು, ತವರು ಬರಿದಾಗಬಾರದು ಎಂದು. ತಟ್ಟೆ ತರಲೆಂದು ದಾನವ್ವ ಹೊಸ್ತಿಲಿಗೆ ಬಂದಾಗ ಜೋಕಾಲಿಯ ಮೇಲೆ ಹಾರೂನ ನಿಂತಿದ್ದ. ಅವಳ ಊರಿನಲ್ಲಿ ಜೀಕುವವರಿಗೆ ಒಂದು ಪಂಥವಿದೆ, ಮೇಲಿನ ಕೊಂಬೆಯ ಎಲೆಯನ್ನು ಕಾಲಿನಿಂದ ಮುಟ್ಟಬೇಕು. ಸಂತೋಷದ ಭರದಲ್ಲಿದ್ದ ದಾನವ್ವ ಅಲ್ಲಿಂದಲೇ ಕೂಗಿದಳು, "ಎಲಿ ಮುಟ್ಟಲೇ ಹಾರೂನ. ಇಷ್ಟ ಏನ ನಿನ್ನ ತಾಕತ್ತು?"

ಹಾರೂನ ಮೊಣಕಾಲು ಬಗ್ಗಿಸಿ, ಮೈಯ ಶಕ್ತಿಯನ್ನೆಲ್ಲ ಹಾಕಿ ಜೀಕಿದ. ಎಲೆ ಮುಟ್ಟಿದ. ಎಲ್ಲರೂ ಮೇಲೆ ಎಲೆ ನೋಡುತ್ತಿದ್ದಾಗ, ಮುಂದಿನ ಪಾಳಿ ತನ್ನದೆಂದು ಗೌರಿ ಮರದ ಕೆಳಗೆ ಓಡಿದಳು. ಹಲಗೆಯ ತುದಿ ತಿರುಗಿ ಬಂದು ಅವಳ ಮುಖಕ್ಕೆ ಬಡಿಯಿತು.

ಕೂಗು ಕೇಳಿಸಲಿಲ್ಲ. ಅದೇ ದಾನವ್ವನಿಗೆ ಆಮೇಲೂ ಮರೆಯಲಾಗದ್ದು, ಮಗು ಕೂಗಲೇ ಇಲ್ಲ. ಕೆಂಪು ಕೆಸರಿನಲ್ಲಿ ಬಿದ್ದಿದ್ದರಿಂದ ರಕ್ತ ಯಾವುದು ಮಣ್ಣು ಯಾವುದು ತಿಳಿಯಲಿಲ್ಲ. ಪ್ರತಿಮಾ ಎತ್ತಿಕೊಂಡು ಮುಖ ಒರೆಸಿದಾಗ ಬಲಗಣ್ಣು ಇರುವ ಜಾಗ ನೋಡಿ ದಾನವ್ವ ರಸ್ತೆಗೆ ಓಡಿದಳು. ದಾರಿಯಲ್ಲಿ ಹೊರಟಿದ್ದ ಮೀನಿನ ಟೆಂಪೋ ನಿಲ್ಲಿಸಿ ಹತ್ತಿದರು. ಸೇತುವೆ ದಾಟಿ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಪ್ರತಿಮಾ ಮಗಳ ಮುಖಕ್ಕೆ ಸೆರಗು ಒತ್ತಿ ಹಿಡಿದಿದ್ದಳು. ದಾನವ್ವನ ಸೆರಗು ಹಿಡಿದು ಹಾರೂನನೂ ಟೆಂಪೋ ಹತ್ತಿದ್ದು ಇಳಿಯುವಾಗಲೇ ಗೊತ್ತಾದದ್ದು.

ಡಾಕ್ಟರು ಮಗುವನ್ನು ಒಳಗೆ ಒಯ್ದರು. ಪೆಟ್ಟಿನ ಕೇಸೆಂದು ಪೊಲೀಸನೊಬ್ಬ ಬಂದ. ಗೋವಾದವನು, ಮಧ್ಯವಯಸ್ಸಿನವನು, ದನಿ ಏರಿಸುವ ಮನುಷ್ಯನಲ್ಲ. ಮನೆ ಯಾರದೆಂದು ಕೇಳಿದ. ನಂದು ಎಂದಳು ದಾನವ್ವ. ಜೋಕಾಲಿ ಕಟ್ಟಿದ್ದು ಯಾರು? ನಾನು. "ಭುರ್ಗೊ ಕೋಣಾಚೊ?" ಎಂದ, ಹುಡುಗ ಯಾರವನು ಎಂದು. ಹಾರೂನ ಅವಳ ಸೊಂಟಕ್ಕೆ ಮುಖ ಒತ್ತಿಕೊಂಡು ಆಯಿ ಆಯಿ ಎಂದು ಬಿಕ್ಕುತ್ತಿದ್ದ. ದಾನವ್ವನ ಬಾಯಿಂದ ಹೊರಟದ್ದು ಅದೇ ಹಳೆಯ ಮಾತು.

"ಆಮ್ಚೊ ಭುರ್ಗೊ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೊಲೀಸ ಬರೆದುಕೊಂಡ. ಅಷ್ಟರಲ್ಲಿ ಅಂಗಡಿಯಿಂದ ಓಡಿಬಂದ ಸಚಿನ ಶೇಠರು ಎಲ್ಲ ಕೇಳಿಸಿಕೊಂಡರು. ಅವರು ಬೈಯಲಿಲ್ಲ. ಮನೆ ನಿಮ್ಮದು, ಜೋಕಾಲಿ ನಿಮ್ಮದು, ಹುಡುಗನೂ ನಿಮ್ಮವನು, ಕರೆದವರೂ ನೀವೇ; ಹಾಗಿದ್ದರೆ ನಾನು ಬೇರೆ ಯಾರನ್ನು ಕೇಳಬೇಕು ಎಂದರು. ಹಾಗೆ ಒಂದರ ಪಕ್ಕ ಒಂದು ಇಟ್ಟು ದಾನವ್ವ ನೋಡಿರಲೇ ಇಲ್ಲ. ಮನೆ ಎಂದರೆ ತಲೆಯ ಮೇಲಿನ ಹಂಚು ಎಂದಷ್ಟೇ ತಿಳಿದಿದ್ದಳು. ಅದರ ಅಂಗಳದಲ್ಲಿ ಬಿದ್ದ ಪ್ರತಿ ಹನಿ ರಕ್ತವೂ ತನ್ನ ಹೆಸರಿಗೆ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದ ಯಶವಂತ ತಲೆ ತಲೆ ಚಚ್ಚಿಕೊಂಡ. ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ ಹಾಗಾಯಿತು ನಿನ್ನ ಬಾಳು ಎಂದ. ಗೌರಿಯ ಕಣ್ಣುಗುಡ್ಡೆ ಉಳಿದಿದೆ, ಬೆಳಕು ಕಾಣುತ್ತದೆ, ಆಕಾರ ಕಾಣುತ್ತಿಲ್ಲ, ಮುಂದೆ ಏನೆಂದು ಡಾಕ್ಟರರಿಗೂ ತಿಳಿಯದು ಎಂಬ ಸುದ್ದಿ ತಂದಿದ್ದ. ಕೇಸಾದರೆ ಇರುವ ಒಂದು ಮನೆಗೆ ಸಂಚಕಾರ ಎಂಬ ಹೆದರಿಕೆ ಅವನಿಗೆ. ಹೆದರಿಕೆ ಸುಳ್ಳೇನೂ ಅಲ್ಲ.

"ಯವ್ವಾ, ಅಂವ ನಮ್ಮ ಹುಡುಗ ಅಲ್ಲ ಅಂತ ಹೇಳು. ನಿನಗ ಸುಳ್ಳ ಹೇಳು ಅನ್ನಾಕತ್ತಿಲ್ಲ. ಖರೇನ ಹೇಳು."

ಖರೇ ಹೇಳು ಎನ್ನುವ ಮಗನಿಗೆ ಯಾವ ತಾಯಿ ಬೇಡ ಎಂದಾಳು? ದಾನವ್ವ ಎದ್ದು ಹಿಂದಿನ ಖೋಲಿಗೆ ಹೋದಳು. ಮರಿಯಮ ಟ್ರಂಕು ತುಂಬುತ್ತಿದ್ದಳು. ಹಾರೂನ ಮೂಲೆಯಲ್ಲಿ ಚಪ್ಪಲಿ ಹಾಕಿಕೊಂಡು ಸಿದ್ಧನಾಗಿ ಕುಳಿತಿದ್ದ. ಎಲ್ಲಿಗೆ ಎಂದು ಕೇಳಿದರೆ, ಊರಿಗೆ, ಸಿಕ್ಕಿದ ಬಸ್ಸಿಗೆ. ಹುಡುಗರ ಆಟದಲ್ಲಿ ಆದದ್ದಕ್ಕೆ ಯಾರಾದರೂ ಊರು ಬಿಟ್ಟು ಓಡುತ್ತಾರೆಯೇ ಎಂದು ದಾನವ್ವ ರೇಗಿದಳು. ಮರಿಯಮ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನಮ್ಮ ಹೆಸರು ಹೊರಗ ಬಂದ್ರ ಅದು ಹುಡುಗರ ಆಟ ಅಂತ ಉಳಿಯೂದಿಲ್ಲ ಅವ್ವಾ. ನಿನಗ ಗೊತ್ತಾಗೂದಿಲ್ಲ."

ಏನು ಗೊತ್ತಾಗುವುದಿಲ್ಲ, ಹುಚ್ಚಿ ಎಂದು ಬೈದು, ಟ್ರಂಕಿನ ಮೇಲೆ ತಾನೇ ಕುಳಿತು ಮುಚ್ಚಳ ಮುಚ್ಚಿಬಿಟ್ಟಳು. ಗೊತ್ತಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಅಂಗಳದಲ್ಲಿ ರೂಪಲಪ್ಪ ಬಂದು ನಿಂತಿದ್ದ. ರೂಪಲಪ್ಪ ಕಂಪನಿಗಳಿಗೆ ಕೂಲಿ ಜನರನ್ನು ಒದಗಿಸುವವನು, ನಮ್ಮ ಮಂದಿಯ ಮುಖಂಡ ಎಂದು ತಾನೇ ಹೇಳಿಕೊಂಡು ತಿರುಗುವವನು. ಅವನ ಹಿಂದೆ ದಾನವ್ವನಿಗೆ ಪರಿಚಯವಿಲ್ಲದ ಕೆಲವರಿದ್ದರು. ರೂಪಲಪ್ಪ ಬಹಳ ಮೆತ್ತಗೆ ಮಾತಾಡಿದ. ಆಸ್ಪತ್ರೆಯಲ್ಲಿ ಗಾಬರಿಯಲ್ಲಿ ಏನೋ ಅಂದಿರಬಹುದು, ಆದರೆ ಹುಡುಗ ಯಾರವನೆಂದು ಓಣಿಗೆಲ್ಲ ಗೊತ್ತಿದೆ ಎಂದ.

"ನೀ ಬರೇ ಹೆಸರ ಹೇಳು ದಾನವ್ವಾ. ಅದೂ ಪೊಲೀಸರ ಮುಂದ. ಮುಂದಿಂದು ನಾವು ನೋಡ್ಕೋತೀವಿ."

ದಾನವ್ವ ಅವನ ಮುಖವನ್ನೇ ನೋಡಿದಳು. ಗೌರಿ ಹೇಗಿದ್ದಾಳೆಂದು ಅವನು ಕೇಳಲಿಲ್ಲ. ಕಣ್ಣು ಉಳಿಯಿತೇ ಹೋಯಿತೇ ಎಂದು ಅವನ ಹಿಂದೆ ನಿಂತವರಲ್ಲಿ ಒಬ್ಬನೂ ಕೇಳಲಿಲ್ಲ. ಅವರು ಹಿಂದಿನ ಖೋಲಿಯ ಬಾಗಿಲನ್ನು ನೋಡುತ್ತಿದ್ದರು. ತನ್ನ ಅಂಗಳದಲ್ಲಿ, ನಿನ್ನೆ ಉಂಡಿ ಹಂಚಿದ ಅಂಗಳದಲ್ಲಿ, ಇಷ್ಟು ತಣ್ಣಗೆ ನಿಂತು ಒಂದು ಮಗುವಿನ ಹೆಸರು ಕೇಳುವ ಜನ ಇದ್ದಾರೆಂಬುದು ಅವಳಿಗೆ ನಂಬಲಾಗಲಿಲ್ಲ. ಹೆಸರು ಹೇಳಿದರೆ ಮನೆ ಉಳಿಯುತ್ತದೆ, ಹುಡುಗ ಉಳಿಯುವುದಿಲ್ಲ. ಹೇಳದಿದ್ದರೆ ತಾನು ಸುಳ್ಳಿ.

ಹೀಗೆ ನಿಂತಿರುವಾಗಲೇ ನಿನ್ನೆಯ ಪೊಲೀಸ ಮೋಟರ್‌ಸೈಕಲ್ಲಿನ ಮೇಲೆ ಬಂದ. ಹಲಗೆ ಎತ್ತಿ ನೋಡಿದ, ಹಗ್ಗ ಎಳೆದು ನೋಡಿದ. ನಿನಗಿರುವುದು ಒಬ್ಬನೇ ಮಗನಂತೆ, ಅವನಿಗೆ ಮದುವೆಯೂ ಆಗಿಲ್ಲವಂತೆ, ಹಾಗಾದರೆ ಆ ಹುಡುಗ ಯಾರು ಎಂದು ಕೇಳಿದ. ಯಶವಂತ ತಾಯಿಯನ್ನೇ ನೋಡಿದ. ರೂಪಲಪ್ಪನೂ ನೋಡಿದ. ಖೋಲಿಯ ಬಾಗಿಲ ಸಂದಿಯಲ್ಲಿ ಮರಿಯಮನ ಕಣ್ಣು ಕಾಣುತ್ತಿತ್ತು.

ಆಗ ದಾನವ್ವನಿಗೆ ತನ್ನ ದನಿಯೇ ಕಿವಿಯಲ್ಲಿ ಕೇಳಿಸಿತು: ಎಲಿ ಮುಟ್ಟಲೇ ಹಾರೂನ. ನಿನ್ನೆಯಿಂದ ಅದು ಕೇಳಿಸಿರಲಿಲ್ಲ. ಎಲ್ಲ ನೆನಪಿತ್ತು, ರಕ್ತ, ಟೆಂಪೋ, ಪ್ರತಿಮಾ ಒತ್ತಿ ಹಿಡಿದ ಸೆರಗು. ತನ್ನ ಕೂಗೊಂದು ಮಾತ್ರ ಎಲ್ಲೋ ಅಡಗಿ ಕುಳಿತಿತ್ತು. ಅಯ್ಯೋ ಶಿವನೇ ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದಳು. ಊರ ಮಕ್ಕಳನ್ನೆಲ್ಲ ತನ್ನವೆಂದು ಸೆರಗಿನಲ್ಲಿ ಮುಚ್ಚುವವಳು ಒಂದು ಮಗುವನ್ನು ತಾನೇ ಹುರಿದುಂಬಿಸಿ ಇನ್ನೊಂದು ಮಗುವಿನ ಕಣ್ಣಿಗೆ ಹಲಗೆ ತಂದಿದ್ದಳು.

"ಹುಡುಗ ಯಾರವನರ ಆಗ್ಲಿ ಸಾಹೇಬ್ರ," ಎಂದಳು. ಕೊಂಕಣಿ ಮರೆತುಹೋಗಿತ್ತು, ಯಶವಂತನೇ ತಿರುಗಿಸಿ ಹೇಳಬೇಕಾಯಿತು. "ಅಂವ ಸುಮ್ಮನ ಜೀಕಾಕತ್ತಿದ್ದ. ಎಲಿ ಮುಟ್ಟು ಅಂದಾಕಿ ನಾನು. ಎಲ್ಲಾರೂ ಕೇಳ್ಯಾರ. ಬರಕೋರಿ."

ತಾಯಿಯ ಮಾತನ್ನು ತಿರುಗಿಸಿ ಹೇಳುತ್ತಿದ್ದ ಯಶವಂತ ನಡುವೆ ತಡೆದ. ಅವನಿಗೂ ಇದು ಗೊತ್ತಿರಲಿಲ್ಲ. ಪೊಲೀಸ ಬರೆದುಕೊಂಡು, ಇಷ್ಟು ಸಣ್ಣ ಹುಡುಗನನ್ನು ಹಿಡಿದು ಕೇಳುವಂಥದ್ದು ಹೇಗೂ ಏನಿಲ್ಲ ಎಂದ. ಕೇಳುವುದು ದೊಡ್ಡವರನ್ನು: ಜಾಗ ಯಾರದು, ಮಕ್ಕಳ ಮೇಲೆ ಕಣ್ಣಿಡಬೇಕಾದವರು ಯಾರು ಎಂದು. ಇನ್ನು ಮಗುವಿನ ತಂದೆ ತಾಯಿ ದೂರು ಕೊಟ್ಟರೆ ನಿನ್ನ ಮೇಲೆ ಕೊಡುತ್ತಾರೆ, ಕೊಡದಿದ್ದರೆ ಇಲ್ಲ, ಅದು ಅವರಿಗೆ ಬಿಟ್ಟದ್ದು ಎಂದು ಹೇಳಿ ಹೋದ. ಪೊಲೀಸರ ಕಾಗದದಲ್ಲಿ ಹೆಸರು ಬರೆಸಲಾಗದ ರೂಪಲಪ್ಪ, ಮುದುಕಿಗೆ ಅರಳು ಮರಳು ಎಂದು ಗೊಣಗುತ್ತ ತನ್ನವರನ್ನು ಕರೆದುಕೊಂಡು ನಡೆದ.

ಗೌರಿ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿದ ದಿನ ದಾನವ್ವ ಮಿಂದು, ಉಡಿಯ ತಟ್ಟೆಗೆ ಹೊಸ ಅಕ್ಕಿ ಹಾಕಿ, ಬಟ್ಟೆ ಮುಚ್ಚಿ ವಾಸ್ಕೋದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿದಳು. ಬೈಯಲಿ, ಕೇಸು ಹಾಕಲಿ, ಕೋರ್ಟಿಗೆ ಎಳೆಯಲಿ. ಎಲ್ಲದಕ್ಕೂ ಹೂಂ ಎನ್ನಬೇಕು. ಯಶವಂತನಿಗೂ ಅಷ್ಟೇ ಹೇಳಿ ಬಂದಿದ್ದಳು. ಅಂಗಡಿಯಲ್ಲಿ ಶೇಠರು ಬಟ್ಟೆ ಅಳೆಯುತ್ತಿದ್ದರು. ಅಳತೆಯಿಂದ ತಲೆ ಎತ್ತದೆ ಮೇಲೆ ಹೋಗಿ ಎಂದು ಕೈ ತೋರಿಸಿದರು.

ಗೌರಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಟಿ.ವಿ. ಮುಂದೆ ಕುಳಿತಿದ್ದಳು. ಸರಿಯಾಗಿ ಕಾಣಲೆಂದು ಕತ್ತು ಓರೆ ಮಾಡಿದ್ದಳು. ಅದನ್ನು ನೋಡಿದ ಮೇಲೆ ದಾನವ್ವ ಜೋಡಿಸಿಕೊಂಡ ಮಾತುಗಳೆಲ್ಲ ಚೆಲ್ಲಿಹೋದವು. ಬಾಗಿಲಲ್ಲೇ ನಿಂತು, ಹುಡುಗನದು ತಪ್ಪಿಲ್ಲ, ಎಲೆ ಮುಟ್ಟು ಎಂದು ಕೂಗಿದವಳು ತಾನೇ ಎಂದು ಹೇಳಿದಳು. ಪ್ರತಿಮಾ, ಗೊತ್ತು, ನಾನೂ ಅಲ್ಲೇ ಇದ್ದೆನಲ್ಲ ಎಂದಳು.

"ಕೇಸ್ ಹಾಕ್ರಿ ಬಾಯಾರ. ನಾ ಇಲ್ಲ ಅನ್ನೂದಿಲ್ಲ. ಮನಿ ಹೋದ್ರ ಹೋಗ್ಲಿ."

ಪ್ರತಿಮಾ ತಟ್ಟೆಯ ಕಡೆ ನೋಡಿದಳು. ತಟ್ಟೆಯ ಮೇಲಿನ ಬಟ್ಟೆ ಸರಿದು ಅಕ್ಕಿ ಕಾಣುತ್ತಿತ್ತು. ಮನೆಬಾಗಿಲಿಗೆ ಬಂದ ಉಡಿಯನ್ನು ಯಾವ ಮುತ್ತೈದೆಯೂ ಒಲ್ಲೆ ಎನ್ನುವುದಿಲ್ಲ. ಅವಳು ಪೂರ್ವಕ್ಕೆ ಮುಖ ಮಾಡಿ ಕುಳಿತು ಸೆರಗು ಒಡ್ಡಿದಳು. ದಾನವ್ವ ಬೊಗಸೆಯಿಂದ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು, ಕಣ ಇಟ್ಟಳು, ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ ತಟ್ಟೆ ಮುಂದೆ ಹಿಡಿದು ಕಾದಳು. ನಾಲ್ಕು ಕಾಳು ತಿರುಗಿ ಬರಬೇಕು.

ಪ್ರತಿಮಾ ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು.

"ತವರಮನಿ ಮ್ಯಾಲ ಯಾರೂ ಕೇಸ್ ಹಾಕೂದಿಲ್ಲ ದಾನವ್ವಾರ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಬರೂದು ಬಿಡ್ತಾರ, ಅಷ್ಟ."

ಮೆಟ್ಟಿಲು ಹೇಗೆ ಇಳಿದಳೋ, ಬಸ್ಸು ಯಾವುದು ಹತ್ತಿದಳೋ ದಾನವ್ವನಿಗೆ ತಿಳಿಯದು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದಳು, ಕೋರ್ಟಿಗೂ ಸಿದ್ಧಳಾಗಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ತಮ್ಮಂದಿರು ಅವಳನ್ನು ಕರೆಯುವುದು ಬಿಟ್ಟಿದ್ದರು. ಮಗಳೇ ತವರನ್ನು ಬಿಡಬಹುದು ಎಂಬುದನ್ನು ಅವಳು ಈವರೆಗೆ ಕೇಳಿರಲಿಲ್ಲ. ಅವ್ವಾ ಎಂದು ಕರೆದ ಬಾಯಿ ದಾನವ್ವಾರ ಎಂದು ಮರ್ಯಾದೆ ಕೊಟ್ಟಿತ್ತು. ಆ ಮರ್ಯಾದೆ ಅವಳಿಗೆ ಹೊಡೆದ ಹಾಗೆ ತಾಗಿತ್ತು.

ಓಣಿಗೆ ಬರುವಾಗ ಹಾರೂನ ಹಲಸಿನ ಮರದ ಬುಡದಲ್ಲಿ ಕಾಯುತ್ತ ಕುಳಿತಿದ್ದ. ಜೋಕಾಲಿಯನ್ನು ಯಶವಂತ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ಕೊಂಬೆಯಲ್ಲಿ ಹಗ್ಗ ಉಜ್ಜಿದ ಗುರುತು ಮಾತ್ರ ಇತ್ತು. ಹುಡುಗ ಎದ್ದು ನಿಂತ.

"ಆಯಿ, ಕೇಸ್ ಹಾಕ್ತಾರೇನು?"

"ಇಲ್ಲಪಾ. ಹಾಕೂದಿಲ್ಲಂತ."

ಹಾರೂನ ಒಂದು ಕ್ಷಣ ನಂಬಲಿಲ್ಲ. ಆಮೇಲೆ ಅಮ್ಮೀ ಅಮ್ಮೀ ಎಂದು ಕೂಗುತ್ತ, ತಾಯಿಗೆ ಸುದ್ದಿ ಹೇಳಲು ಹಿಂದಿನ ಖೋಲಿಗೆ ಓಡಿದ. ಒಳಗೆ ಮರಿಯಮ ಜೋರಾಗಿ ಅತ್ತದ್ದು, ಅಳುತ್ತಲೇ ನಕ್ಕದ್ದು ಅಂಗಳಕ್ಕೆ ಕೇಳಿಸಿತು. ದಾನವ್ವ ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮರದ ಬುಡದಲ್ಲಿ ಕುಳಿತಳು. ಹಾಕಿದ್ದರೆ ಚಲೋ ಇತ್ತು ಎಂದುಕೊಂಡಳು. ಕೇಸು ಹಾಕಿದ್ದರೆ ಕೋರ್ಟಿನ ತಾರೀಖಿಗೊಮ್ಮೆಯಾದರೂ ಮಗಳು ಎದುರಿಗೆ ಬರುತ್ತಿದ್ದಳು.